ಡಾಂಬರು ಕಾಗದದ ಶಾಲೆ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಫಾರ್ಮ್‌ವಿಲ್ ಎಂಬ ಒಂದು ಸಣ್ಣ ಊರಿದೆ. ರಾಜಧಾನಿ ರಿಚ್ಮಂಡಿನಿಂದ ಸುಮಾರು 100 ಕಿಲೋಮೀಟರು ದೂರ. ಹೊಗೆಸೊಪ್ಪು ಬೆಳೆಯುವ ಸೀಮೆ. 1950ರ ಸುಮಾರಿನಲ್ಲಿ ಆ ಊರಿನ ಮುಖ್ಯರಸ್ತೆಯಲ್ಲಿ ಹಾದುಹೋಗುತ್ತಿದ್ದ ಪರಊರಿನವರು, ಊರಂಚಿನಲ್ಲಿ ಕಾಣುತ್ತಿದ್ದ ಕಪ್ಪು ಜೋಪಡಿಗಳನ್ನು ನೋಡಿ ಇಲ್ಲಿ ಯಾರೋ ಕೋಳಿ ಸಾಕಿದ್ದಾರೆ ಎಂದುಕೊಳ್ಳುತ್ತಿದ್ದರಂತೆ. ಮರದ ಹಲಗೆಗಳನ್ನು ಹೊಡೆದು, ಅದರ ಮೇಲೆ ಡಾಂಬರು ಬಳಿದ ದಪ್ಪ ಕಾಗದ ಹೊದಿಸಿ ನಿಲ್ಲಿಸಿದ್ದ ಆ ಗೂಡುಗಳೊಳಗೆ ಹೈಸ್ಕೂಲಿನ ಪಾಠ ನಡೆಯುತ್ತಿತ್ತು. ಅದು ಕಪ್ಪು ಜನಾಂಗದ ಮಕ್ಕಳಿಗೆಂದು ಸರಕಾರವೇ ನಡೆಸುತ್ತಿದ್ದ ಶಾಲೆ. ಹೆಸರು ರಾಬರ್ಟ್ ರಸ್ಸಾ ಮೋಟನ್ ಹೈಸ್ಕೂಲು.

ಮೋಟನ್ ಇದೇ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಬೆಳೆದು ದೊಡ್ಡವರಾದವರು. ಬುಕರ್ ಟಿ. ವಾಷಿಂಗ್ಟನ್ನರು ತೀರಿಕೊಂಡ ಮೇಲೆ 1915ರಲ್ಲಿ ಟಸ್ಕೆಗೀ ವಿದ್ಯಾಸಂಸ್ಥೆಯ ಹೊಣೆ ಹೊತ್ತವರು. ಕೌಂಟಿ ಅಂದರೆ ನಮ್ಮ ತಾಲ್ಲೂಕಿನಂಥದು ಎಂದುಕೊಂಡರೆ ಸಾಕು. ಒಂದೇ ವ್ಯತ್ಯಾಸವೆಂದರೆ, ಅಲ್ಲಿ ಶಾಲೆಗಳಿಗೆ ಬೇಕಾದ ತೆರಿಗೆ ಹಾಕುವುದೂ ಬಿಡುವುದೂ ಕೌಂಟಿಯ ಮಂಡಳಿಯ ಕೈಯಲ್ಲೇ ಇರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಶಾಲೆಯ ಚರಿತ್ರೆಯನ್ನು ಓದತೊಡಗಿದಾಗ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಅದರ ಹುಟ್ಟು. ಸರಕಾರಿ ಶಾಲೆ ಎಂದ ಕೂಡಲೇ ಸರಕಾರ ಕಟ್ಟಿಸಿತು, ಮಕ್ಕಳು ಹೋಗಿ ಕೂತರು ಎಂದು ನಾವು ಅಂದುಕೊಳ್ಳುತ್ತೇವೆ. ಇದು ಹಾಗೆ ಬಂದದ್ದಲ್ಲ. 1920ರಲ್ಲಿ ಮಾರ್ಥಾ ಫಾರೆಸ್ಟರ್ ಎಂಬಾಕೆ ಊರಿನ ಕಪ್ಪು ಹೆಂಗಸರನ್ನು ಕೂಡಿಸಿ ಒಂದು ಮಹಿಳಾ ಸಂಘ ಕಟ್ಟಿದರು. ಆಗ ಅಲ್ಲಿ ಕಪ್ಪು ಮಕ್ಕಳಿಗೆ ಇದ್ದದ್ದು ಕೆಳಗಿನ ತರಗತಿಗಳು ಮಾತ್ರ. ಅದು ಮುಗಿದರೆ ಓದೂ ಮುಗಿಯಿತು. ಗಂಡುಹುಡುಗರು ಹೊಗೆಸೊಪ್ಪಿನ ಹೊಲಕ್ಕೆ, ಹೆಣ್ಣುಮಕ್ಕಳು ಬಿಳಿಯರ ಅಡಿಗೆಮನೆಗೆ. ಈ ಹೆಂಗಸರು ಹಣ ಕೂಡಿಸಿದರು, ಅರ್ಜಿ ಬರೆದರು, ಶಾಲಾ ಮಂಡಳಿಯ ಬಾಗಿಲಿಗೆ ಮತ್ತೆ ಮತ್ತೆ ಹೋದರು. ಒಂದೊಂದೇ ತರಗತಿಯನ್ನು ಮೇಲೆ ಸೇರಿಸಿಕೊಳ್ಳುತ್ತ ಬಂದರು. ಕೊನೆಗೆ 1939ರಲ್ಲಿ ಇಟ್ಟಿಗೆಯ ಒಂದು ಕಟ್ಟಡ ಎದ್ದಿತು. ಸಂಘ ಹುಟ್ಟಿ ಅಷ್ಟರಲ್ಲಿ 19 ವರ್ಷ ಕಳೆದಿತ್ತು. ಮೊದಲ ಸಲ ಕೇಳಲು ಹೋದ ತಾಯಿಯ ಮಗಳು ಹೊಸ ಕಟ್ಟಡ ಏಳುವ ಹೊತ್ತಿಗೆ ತಾನೇ ತಾಯಾಗಿರಬಹುದು.

ಕಟ್ಟಡವೇನೋ ಬಂತು. ಅದನ್ನು ಕಟ್ಟಿದ್ದು 180 ಮಕ್ಕಳಿಗೆಂದು. ಜಿಮ್ ಇಲ್ಲ, ಊಟದ ಹಾಲ್ ಇಲ್ಲ, ವಿಜ್ಞಾನದ ಪ್ರಯೋಗಾಲಯ ಇಲ್ಲ. ಕಪ್ಪು ಮಕ್ಕಳಿಗೆ ಹೈಸ್ಕೂಲು ಓದುವ ಆಸೆ ಅಷ್ಟೊಂದು ಇರುತ್ತದೆಂದು ಮಂಡಳಿಯವರು ಲೆಕ್ಕ ಹಾಕಿರಲಿಲ್ಲ. 1950ರ ಹೊತ್ತಿಗೆ ಮಕ್ಕಳ ಸಂಖ್ಯೆ 450 ದಾಟಿತು. ಸಭಾಂಗಣದಲ್ಲಿ ಒಂದೇ ಹೊತ್ತಿಗೆ ಎರಡು ಮೂರು ತರಗತಿಗಳು. ಒಂದು ಮೂಲೆಯ ಇಂಗ್ಲಿಷು ಇನ್ನೊಂದು ಮೂಲೆಯ ಲೆಕ್ಕದೊಳಗೆ ಕಲೆಸಿಹೋಗುತ್ತಿತ್ತು. ಜಾಗ ಸಾಲದೆ ನಿಂತ ಬಸ್ಸಿನೊಳಗೂ ಪಾಠ ನಡೆಯಿತು. ಇಟ್ಟಿಗೆ ಕಟ್ಟಡದ ಪಕ್ಕದಲ್ಲಿ ಡಾಂಬರು ಕಾಗದದ ಜೋಪಡಿಗಳು ಎದ್ದದ್ದು ಇಂಥ ಹೊತ್ತಿನಲ್ಲಿ. ಇವೆಲ್ಲ ತಾತ್ಕಾಲಿಕ ಎಂದು ಮಂಡಳಿ ಹೇಳಿತು. ತಾತ್ಕಾಲಿಕ ಎನ್ನುವ ಶಬ್ದದ ಆಯುಷ್ಯ ಎಷ್ಟೆಂಬುದು ಸರಕಾರಿ ಕಟ್ಟಡಗಳನ್ನು ಕಂಡ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿನ ಚಳಿಗಾಲ ನಮ್ಮ ಚಳಿಯಂತಲ್ಲ, ಹಿಮ ಬೀಳುತ್ತದೆ. ಜೋಪಡಿಗೊಂದು ಒಲೆ. ಒಲೆಯ ಹತ್ತಿರ ಕೂತವರಿಗೆ ಮೈ ಬೇಯುವಷ್ಟು ಸೆಕೆ, ದೂರದ ಬೆಂಚಿನವರು ಕೋಟು ಬಿಚ್ಚುವ ಹಾಗಿಲ್ಲ. ಪಾಠದ ನಡುವೆ ಮೇಷ್ಟ್ರು ಎದ್ದು ಬೆಂಕಿ ಕೆದಕಬೇಕು. ಮಳೆ ಬಂದರೆ ಸೂರು ಸೋರಿ, ಕೊಡೆ ಬಿಡಿಸಿಕೊಂಡು ಕೂತು ಬರೆದದ್ದನ್ನು ಆಗಿನ ವಿದ್ಯಾರ್ಥಿಗಳು ಮುದುಕರಾದ ಮೇಲೂ ಹೇಳುತ್ತಿದ್ದರು. ಅದೇ ಊರಿನಲ್ಲಿ ಬಿಳಿಯ ಮಕ್ಕಳ ಫಾರ್ಮ್‌ವಿಲ್ ಹೈಸ್ಕೂಲಿಗೆ ಜಿಮ್ ಇತ್ತು, ಊಟದ ಹಾಲ್ ಇತ್ತು, ಪ್ರಯೋಗಾಲಯ ಇತ್ತು. ಮೋಟನ್ ಶಾಲೆಗೆ ಬರುತ್ತಿದ್ದ ಬಸ್ಸುಗಳು ಆ ಶಾಲೆಯವರು ಓಡಿಸಿ ಹಳತಾಗಿ ಬಿಟ್ಟವು. ‘ಬೇರೆ ಬೇರೆ, ಆದರೆ ಸಮಾನ’ ಎಂಬುದು ಆ ಕಾಲದ ಕಾನೂನು. ಅದರ ಮೊದಲರ್ಧವನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು.

ಹೊಸ ಕಟ್ಟಡ ಬೇಕೆಂದು ಪೋಷಕರ ಸಂಘದವರು ಮಂಡಳಿಯ ಸಭೆಗಳಿಗೆ ಅಲೆದರು. ಬ್ಯಾಪ್ಟಿಸ್ಟ್ ಚರ್ಚಿನ ಧರ್ಮಗುರು ಫ್ರಾನ್ಸಿಸ್ ಗ್ರಿಫಿನ್, ಶಾಲೆಯ ಮುಖ್ಯೋಪಾಧ್ಯಾಯ ಬಾಯ್ಡ್ ಜೋನ್ಸ್ ಇಬ್ಬರೂ ಹೋಗಿ ಕೂತರು. ನೋಡೋಣ, ಮಾಡೋಣ ಎಂಬ ಉತ್ತರ ಪ್ರತಿಸಲವೂ ಸಿಕ್ಕಿತು.

ಬಾರ್ಬರಾ ರೋಸ್ ಜಾನ್ಸ್ ಎಂಬ ಹುಡುಗಿ ಆಗ ಈ ಶಾಲೆಯ ವಿದ್ಯಾರ್ಥಿನಿ. ಹುಟ್ಟಿದ್ದು 1935ರ ಮಾರ್ಚಿನಲ್ಲಿ, ನ್ಯೂಯಾರ್ಕಿನಲ್ಲಿ. ಬೆಳೆದದ್ದು ಫಾರ್ಮ್‌ವಿಲ್ಲಿನ ಆಚೆಯ ಹಳ್ಳಿಯಲ್ಲಿ. ಐದು ಮಕ್ಕಳಲ್ಲಿ ಹಿರಿಯಳು. ತಂದೆಗೆ ಹೊಲಮನೆ ಕೆಲಸ. ತಾಯಿ ವಯೊಲೆಟ್ ದೂರದ ವಾಷಿಂಗ್ಟನ್ನಿನ ಸರಕಾರಿ ಕಚೇರಿಯಲ್ಲಿ ನೌಕರಿಗೆ. ಹಾಗಾಗಿ ಬೆಳಗಾದರೆ ಕಿರಿಯರನ್ನು ಎಬ್ಬಿಸಿ, ಸಜ್ಜು ಮಾಡಿ, ಬುತ್ತಿ ಕಟ್ಟಿ ಬಸ್ಸಿಗೆ ಹತ್ತಿಸುವ ಕೆಲಸ ಇವಳ ತಲೆಗೆ. ಮನೆಯ ಹಿರಿಮಗಳಾಗಿ ಹುಟ್ಟಿದವರಿಗೆಲ್ಲ ಈ ಬೆಳಗುಗಳು ಗೊತ್ತು. ಒಂದು ದಿನ ಎಲ್ಲರನ್ನೂ ರಸ್ತೆಗೆ ಕರೆತಂದವಳು ತನ್ನ ಬುತ್ತಿ ಮರೆತು ಮನೆಗೆ ಓಡಿದಳು. ಬರುವಷ್ಟರಲ್ಲಿ ಬಸ್ಸು ತಮ್ಮ ತಂಗಿಯರನ್ನು ಕರೆದುಕೊಂಡು ಹೋಗಿಬಿಟ್ಟಿತ್ತು. ಯಾರಾದರೂ ಕೂರಿಸಿಕೊಂಡು ಹೋದಾರೆಂದು ಕಾದು ನಿಂತಳು. ಸುಮಾರು ಒಂದು ಗಂಟೆಯ ಮೇಲೆ ಬಿಳಿಯ ಮಕ್ಕಳ ಬಸ್ಸು ಬಂತು. ಅರ್ಧಕ್ಕರ್ಧ ಖಾಲಿ. ಅವಳ ಮುಂದೆಯೇ ಹಾದು, ಅವಳು ಹೋಗಬೇಕಾದ ಊರಿಗೇ ಹೋಯಿತು. ಅವತ್ತು ನಿಶ್ಚಯ ಮಾಡಿದೆ ಎಂದು ಅವಳೇ ಆಮೇಲೆ ಬರೆದಿಟ್ಟಿದ್ದಾಳೆ.

ಅದಕ್ಕೂ ಹಿಂದೆ ಒಂದು ಮಾತು ಅವಳ ಮನಸ್ಸಿನಲ್ಲಿ ಬಿದ್ದಿತ್ತು. ಸಂಗೀತದ ಟೀಚರು ಐನೆಜ್ ಡೆವನ್‌ಪೋರ್ಟ್ ಅವರ ಬಳಿ ಶಾಲೆಯ ಸ್ಥಿತಿ ಹೇಳಿಕೊಂಡು ಗೊಣಗುತ್ತಿದ್ದಾಗ ಅವರು, ಹಾಗಿದ್ದರೆ ನೀನೇ ಏನಾದರೂ ಯಾಕೆ ಮಾಡಬಾರದು ಎಂದು ಕೇಳಿಬಿಟ್ಟರಂತೆ. ಮೇಡಂ ನನ್ನ ಮಾತನ್ನು ತಳ್ಳಿಹಾಕಿದರು ಎಂದು ಹುಡುಗಿಗೆ ಮೊದಲು ಬೇಜಾರಾಯಿತು. ಆಮೇಲೆ ಅದೇ ಮಾತು ತಲೆಯಲ್ಲಿ ಕೊರೆಯತೊಡಗಿತು. ಟೀಚರುಗಳು ಪಾಠದಲ್ಲಿ ಹೇಳಿದ್ದನ್ನು ನಾವು ಮರೆತುಬಿಡುತ್ತೇವೆ, ಕಾರಿಡಾರಿನಲ್ಲಿ ನಡೆಯುತ್ತ ಆಡಿದ ಒಂದು ಮಾತು ಜನ್ಮಕ್ಕಾಗುವಷ್ಟು ಉಳಿದುಕೊಳ್ಳುತ್ತದೆ.

ಅವಳು ಮೊದಲು ಮಾತಾಡಿದ್ದು ವಿದ್ಯಾರ್ಥಿ ಸಂಘದ ಕ್ಯಾರಿ ಸ್ಟೋಕ್ಸ್, ಆಕೆಯ ಸಹೋದರ ಜಾನ್, ಇನ್ನೂ ಕೆಲವು ನಂಬಿಕಸ್ಥರ ಜೊತೆ. ಆಟದ ಮೈದಾನದ ಮೆಟ್ಟಿಲ ಮೇಲೆ ಗುಟ್ಟಾಗಿ ಕೂತು ಯೋಜನೆ ಹಾಕಿದರು. ತಿಂಗಳುಗಟ್ಟಲೆ ಯಾರೂ ಬಾಯಿ ಬಿಡಲಿಲ್ಲ. ತಂದೆತಾಯಿಯರಿಗೆ ಹೇಳಲಿಲ್ಲ, ಟೀಚರುಗಳಿಗೆ ಹೇಳಲಿಲ್ಲ. ಒಂದೇ ಮನೆಯಲ್ಲಿ ಮಲಗುತ್ತಿದ್ದ ತಂಗಿ ಜೋನ್‌ಗೂ ಹೇಳಲಿಲ್ಲ!

1951ರ ಏಪ್ರಿಲ್ 23, ಸೋಮವಾರ. ಮುಖ್ಯೋಪಾಧ್ಯಾಯರಿಗೆ ಒಂದು ಫೋನು ಬಂತು: ನಿಮ್ಮ ಶಾಲೆಯ ಮಕ್ಕಳು ಊರೊಳಗೆ ತಂಟೆ ಮಾಡಿಕೊಂಡಿದ್ದಾರೆ, ಬೇಗ ಬನ್ನಿ. ಪಾಪ, ಅವರು ಕಾರು ಹತ್ತಿ ಓಡಿದರು. ಇತ್ತ ಪ್ರತಿ ತರಗತಿಗೂ ಒಂದೊಂದು ಚೀಟಿ ಹೋಯಿತು, ಎಲ್ಲರೂ ಸಭಾಂಗಣಕ್ಕೆ ಬರಬೇಕೆಂದು. ಕೆಳಗೆ ಮುಖ್ಯೋಪಾಧ್ಯಾಯರು ಹಾಕುವ ಹಾಗೆಯೇ ‘ಜೆ’ ಎಂಬ ಅಕ್ಷರ. ಬಾರ್ಬರಾಳ ಹೆಸರಿನ ಜಾನ್ಸ್ ಎಂಬುದಕ್ಕೂ ಅದೇ ಅಕ್ಷರ ಎಂಬುದನ್ನು ನೋಡಿದರೆ, ಅದು ಪೂರಾ ಕಳ್ಳ ಸಹಿ ಎಂದೂ ಹೇಳುವಂತಿಲ್ಲ. ಎಲ್ಲರೂ ಬಂದು ಕೂತ ಮೇಲೆ ವೇದಿಕೆಯ ಪರದೆ ಸರಿಯಿತು. ಅಲ್ಲಿ ನಿಂತಿದ್ದವಳು ಬಾರ್ಬರಾ, 16 ವರ್ಷದವಳು. ಸಭಿಕರ ನಡುವೆ ಕೂತಿದ್ದ ಜೋನ್ ಹೆದರಿ ಕುರ್ಚಿಯಲ್ಲಿ ಕೆಳಕ್ಕೆ ಜಾರಿ ಮುಖ ಮರೆಸಿಕೊಂಡಳಂತೆ. ಟೀಚರುಗಳು ದಯವಿಟ್ಟು ಹೊರಗೆ ಹೋಗಬೇಕು ಎಂದು ಬಾರ್ಬರಾ ಕೇಳಿಕೊಂಡಳು. ಸದ್ದು ಅಡಗಲಿಲ್ಲ. ಕಾಲಿನ ಬೂಟು ಬಿಚ್ಚಿ ಫಟ್ ಎಂದು ಕುಟ್ಟಿದಳು.

ಬೇರೆ ದಿನಗಳಲ್ಲಿ ಅವಳು ಮಾತು ಕಡಿಮೆಯ, ಪುಸ್ತಕದಲ್ಲಿ ಮುಳುಗಿರುವ ಹುಡುಗಿ ಎಂದು ಗೆಳತಿಯರು ನೆನೆದಿದ್ದಾರೆ. ಅವತ್ತು ಅವಳು ಹೇಳಿದ್ದು ಇಷ್ಟು: ನಾವು ಸುಮ್ಮನಿದ್ದರೆ ಏನೂ ಆಗುವುದಿಲ್ಲ, ಒಳ್ಳೆಯ ಶಾಲೆ ಕಟ್ಟಿಕೊಡುವ ತನಕ ತರಗತಿಗೆ ಕಾಲಿಡುವುದು ಬೇಡ. ಮೊದಲೇ ಬರೆದಿಟ್ಟ ಫಲಕಗಳನ್ನು ಹಿಡಿದು 450ಕ್ಕೂ ಹೆಚ್ಚು ಮಕ್ಕಳು ಹೊರಗೆ ಬಂದರು. ಮುಷ್ಕರ ಎರಡು ವಾರ ನಡೆಯಿತು. ರೋಸಾ ಪಾರ್ಕ್ಸ್ ಮಾಂಟ್ಗೊಮರಿಯ ಬಸ್ಸಿನಲ್ಲಿ ಸೀಟು ಬಿಡುವುದಿಲ್ಲ ಎಂದದ್ದು 1955ರ ಡಿಸೆಂಬರಿನಲ್ಲಿ. ಈ ಮಕ್ಕಳು ಹೊರಗೆ ಬಂದದ್ದು ಅದಕ್ಕಿಂತ ನಾಲ್ಕೂವರೆ ವರ್ಷ ಮೊದಲು.

ಇಲ್ಲಿಂದ ಕಥೆ ಬೇರೆ ದಾರಿ ಹಿಡಿಯುತ್ತದೆ. ಬಾರ್ಬರಾ ಮತ್ತು ಕ್ಯಾರಿ ರಿಚ್ಮಂಡಿನ ವಕೀಲರಿಗೆ ಕಾಗದ ಬರೆದರು. ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಎಂಬ ಆ ಇಬ್ಬರು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ವಕೀಲರು. ಬೇರೊಂದು ಮೊಕದ್ದಮೆಯ ಕೆಲಸಕ್ಕೆ ಆ ದಾರಿಯಾಗಿ ಹೊರಟಿದ್ದರು. ನಡುವೆ ಇಳಿದು, ಮಕ್ಕಳಿಗೆ ಬುದ್ಧಿ ಹೇಳಿ ಶಾಲೆಗೆ ಕಳಿಸಿ ಮುಂದೆ ಹೋಗೋಣ ಎಂಬುದು ಅವರ ಎಣಿಕೆ. ಏಪ್ರಿಲ್ 25ರಂದು ಚರ್ಚಿನಲ್ಲಿ ಆ ಮಕ್ಕಳನ್ನು ಕಂಡ ಮೇಲೆ ಹಾಗೆ ಹೇಳುವುದು ಅವರಿಂದ ಆಗಲಿಲ್ಲ. ಆದರೆ ಒಂದು ಷರತ್ತು ಹಾಕಿದರು. ಒಳ್ಳೆಯ ಕಟ್ಟಡ ಕೊಡಿ ಎಂಬ ಮೊಕದ್ದಮೆಯನ್ನು ನಾವು ಹಿಡಿಯುವುದಿಲ್ಲ. ಬಿಳಿಯ ಮಕ್ಕಳಿಗೊಂದು, ಕಪ್ಪು ಮಕ್ಕಳಿಗೊಂದು ಎಂದು ಶಾಲೆಗಳನ್ನು ಬೇರೆ ಮಾಡುವುದೇ ತಪ್ಪು ಎಂದು ವಾದಿಸಲು ಒಪ್ಪಿದರೆ ಮಾತ್ರ ಬರುತ್ತೇವೆ, ಅದೂ ನಿಮ್ಮ ತಂದೆತಾಯಿಯರು ಒಪ್ಪಿ ಬಂದರೆ.

ಮಕ್ಕಳು ಕೇಳಲು ಹೊರಟದ್ದು ಸೋರದ ಸೂರು, ಊಟದ ಹಾಲ್, ಜಿಮ್. ಈಗ ಕೇಳಬೇಕಾಗಿ ಬಂದದ್ದು ಶತಮಾನಗಳ ಕಟ್ಟಳೆ ಮುರಿಯುವುದನ್ನು. ಚರ್ಚಿನಲ್ಲಿ ಸಭೆಗಳಾದವು. ದುಡುಕಬೇಡಿ ಎಂದು ಹಿರಿಯರೊಬ್ಬರು ಎದ್ದು ಹೇಳಿದರೆ, ಬಾರ್ಬರಾ ವೇದಿಕೆ ಹತ್ತಿ ಅವರಿಗೆ ಉತ್ತರ ಕೊಟ್ಟಳು. ಕೊನೆಗೆ ಒಪ್ಪಿಗೆಯ ಕಾಗದ ಮನೆ ಮನೆಗೆ ಹೋಯಿತು. ನಾನು ಇಲ್ಲಿ ತುಸು ಹೊತ್ತು ನಿಲ್ಲುತ್ತೇನೆ. ಆ ಸೀಮೆಯ ಕಪ್ಪು ಜನರಲ್ಲಿ ಎಷ್ಟೋ ಮಂದಿ ಬಿಳಿಯರ ಹೊಲದಲ್ಲಿ ದುಡಿಯುವವರು, ಬಿಳಿಯರ ಬ್ಯಾಂಕಿನಲ್ಲಿ ಸಾಲ ಇದ್ದವರು, ಬಿಳಿಯರ ಮನೆಯಲ್ಲಿ ಬಟ್ಟೆ ಒಗೆಯುವವರು. ಅಂಗಡಿಯ ಉದ್ರಿ ನಿಲ್ಲುತ್ತದೆ, ಕೆಲಸ ಹೋಗುತ್ತದೆ, ಮಗುವಿಗೆ ಏನಾದರೂ ಆಗಬಹುದು. ಅಡಿಗೆಮನೆಯ ಮೇಜಿನ ಮೇಲೆ ಆ ಕಾಗದ ಇಟ್ಟುಕೊಂಡು ಕೂತ ತಾಯಂದಿರ ಬಗ್ಗೆ ಯಾವ ದಾಖಲೆಯೂ ಹೆಚ್ಚು ಹೇಳುವುದಿಲ್ಲ. ಆದರೆ ಸಹಿಗಳು ಬಿದ್ದವು. 1951ರ ಮೇ 23ರಂದು 117 ವಿದ್ಯಾರ್ಥಿಗಳ ಪರವಾಗಿ ದಾವೆ ದಾಖಲಾಯಿತು. ಪಟ್ಟಿಯ ಮೊದಲ ಹೆಸರು ಡೊರೊಥಿ ಡೇವಿಸ್, ರೈತನ ಮಗಳು, 14 ವರ್ಷದವಳು. ಡೇವಿಸ್ ವಿರುದ್ಧ ಪ್ರಿನ್ಸ್ ಎಡ್ವರ್ಡ್ ಕೌಂಟಿ ಶಾಲಾ ಮಂಡಳಿ ಎಂದು ಮೊಕದ್ದಮೆಗೆ ಅವಳ ಹೆಸರೇ ಉಳಿಯಿತು.

ಬೆಲೆ ಕೊಡುವುದು ತಕ್ಷಣ ಶುರುವಾಯಿತು. ಮುಖ್ಯೋಪಾಧ್ಯಾಯ ಜೋನ್ಸರು ಕೆಲಸ ಕಳೆದುಕೊಂಡರು. ಬಾರ್ಬರಾಳಿಗೆ ಅಪಾಯವಾದೀತೆಂದು ಹೆದರಿದ ಹೆತ್ತವರು ಅವಳನ್ನು ದೂರದ ಅಲಬಾಮಾದ ಮಾಂಟ್ಗೊಮರಿಗೆ, ತಂದೆಯ ಸಹೋದರ ವೆರ್ನನ್ ಜಾನ್ಸ್ ಅವರ ಮನೆಗೆ ಕಳಿಸಿದರು. ಅವರು ಅಲ್ಲಿನ ಚರ್ಚಿನ ಧರ್ಮಗುರು. ಅವರ ನಂತರ ಅದೇ ಚರ್ಚಿಗೆ ಬಂದವರು ಮಾರ್ಟಿನ್ ಲೂಥರ್ ಕಿಂಗ್. ಹೀಗೆ, ಶಾಲೆಗಾಗಿ ಎದ್ದು ನಿಂತ ಹುಡುಗಿಗೆ ಆ ಶಾಲೆಯಲ್ಲಿ ಓದು ಮುಗಿಸುವ ಭಾಗ್ಯ ಇರಲಿಲ್ಲ. 1955ರಲ್ಲಿ ಆ ಕುಟುಂಬದ ಮನೆ ಸುಟ್ಟುಹೋಯಿತು.

1952ರಲ್ಲಿ ರಿಚ್ಮಂಡಿನ ಕೋರ್ಟಿನಲ್ಲಿ ಮಕ್ಕಳು ಸೋತರು. ಬೇರೆ ಶಾಲೆ ಇರಲಿ, ಸೌಕರ್ಯ ಮಾತ್ರ ಸರಿಮಾಡಿ ಎಂದಿತು ಕೋರ್ಟು. 1953ರಲ್ಲಿ ಕೌಂಟಿ ಮಂಡಳಿ ಹೊಸ ಮೋಟನ್ ಹೈಸ್ಕೂಲನ್ನು ಕಟ್ಟಿಯೂ ಕಟ್ಟಿತು. ಜಿಮ್, ಊಟದ ಹಾಲ್, ಪ್ರಯೋಗಾಲಯ, ಎಲ್ಲ. ಇಷ್ಟು ದಿನ ಹಣವಿಲ್ಲ ಎನ್ನುತ್ತಿದ್ದವರಿಗೆ ಈಗ ಎಲ್ಲಿಂದ ಬಂತೋ! ಮಕ್ಕಳು ಮೊದಲ ದಿನ ಕೇಳಿದ್ದು ಇದನ್ನೇ. ಹಳೆಯ ಇಟ್ಟಿಗೆ ಕಟ್ಟಡ ಚಿಕ್ಕ ಮಕ್ಕಳ ಶಾಲೆಯಾಯಿತು.

ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಕ್ಯಾನ್ಸಸ್, ದಕ್ಷಿಣ ಕೆರೊಲಿನಾ, ಡೆಲವೇರ್ ಮೊದಲಾದೆಡೆಯ ಮೊಕದ್ದಮೆಗಳ ಜೊತೆ ಸೇರಿ ‘ಬ್ರೌನ್’ ಮೊಕದ್ದಮೆ ಎಂದು ಪ್ರಸಿದ್ಧವಾಯಿತು. ಬಣ್ಣದ ಆಧಾರದ ಮೇಲೆ ಸರಕಾರಿ ಶಾಲೆಗಳನ್ನು ಬೇರೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದು 1954ರ ಮೇ 17ರಂದು ತೀರ್ಪು ಬಂತು. ಒಟ್ಟು ಐದು ಮೊಕದ್ದಮೆಗಳಲ್ಲಿ ವಿದ್ಯಾರ್ಥಿಗಳೇ ಹುಟ್ಟುಹಾಕಿದ್ದು ಇದೊಂದೇ. ನಮ್ಮಲ್ಲಿ ಬ್ರೌನ್ ತೀರ್ಪಿನ ಹೆಸರು ಕೇಳಿದವರು ಇದ್ದಾರೆ, ಮೋಟನ್ ಶಾಲೆಯ ಹೆಸರು ಕೇಳಿದವರು ಕಡಿಮೆ.

ಚರಿತ್ರೆಯ ಪಾಠಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ಶಾಲೆಯ ಕಥೆ ನಿಲ್ಲುವುದಿಲ್ಲ. ವರ್ಜೀನಿಯಾದ ರಾಜಕಾರಣಿಗಳು ತೀರ್ಪನ್ನು ಜಾರಿಗೆ ಬಾರದಂತೆ ತಡೆಯುತ್ತೇವೆಂದು ಬಹಿರಂಗವಾಗಿ ಸಾರಿದರು. 1958ರಲ್ಲಿ ನಾರ್ಫಕ್ ಮುಂತಾದ ಕಡೆ ಬಿಳಿಯರ ಶಾಲೆಗಳಿಗೇ ಬೀಗ ಹಾಕಿಸಿದರು. ಕೋರ್ಟು ಅದನ್ನು ತಳ್ಳಿಹಾಕಿತು, ಅವು ಕೆಲವೇ ತಿಂಗಳಲ್ಲಿ ತೆರೆದವು. ಪ್ರಿನ್ಸ್ ಎಡ್ವರ್ಡ್ ಕೌಂಟಿಗೂ 1959ರ ಸೆಪ್ಟೆಂಬರಿನಿಂದ ಮಕ್ಕಳನ್ನು ಒಟ್ಟಿಗೆ ಕೂರಿಸಬೇಕೆಂಬ ಆಜ್ಞೆ ಬಂತು. ಆಗ ಕೌಂಟಿಯ ಮಂಡಳಿ ಏನು ಮಾಡಿತು ಗೊತ್ತೇ? ಶಾಲಾ ತೆರಿಗೆಯನ್ನೇ ಹಾಕಲಿಲ್ಲ. ತೆರಿಗೆ ಇಲ್ಲ, ಹಣ ಇಲ್ಲ, ಶಾಲೆಯೂ ಇಲ್ಲ. ಒಂದೆರಡು ಶಾಲೆಯಲ್ಲ, ಕೌಂಟಿಯ ಎಲ್ಲ ಸರಕಾರಿ ಶಾಲೆಗಳಿಗೂ ಬೀಗ. ಆರು ವರ್ಷದ ಹೊಸ ಮೋಟನ್ ಹೈಸ್ಕೂಲಿಗೂ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, 1964ರ ತನಕ, ಐದು ವರ್ಷ.

ಬಿಳಿಯ ಮಕ್ಕಳಿಗಾಗಿ ಅವರ ಜನ ಮೊದಲೇ ಹಣ ಕೂಡಿಸಿ ಪ್ರಿನ್ಸ್ ಎಡ್ವರ್ಡ್ ಅಕಾಡೆಮಿ ಎಂಬ ಖಾಸಗಿ ಶಾಲೆ ತೆರೆದುಕೊಂಡರು. ಚರ್ಚುಗಳಲ್ಲಿ, ಸಿಕ್ಕ ಸಿಕ್ಕ ಕಟ್ಟಡಗಳಲ್ಲಿ ತರಗತಿ ಮಾಡಿ, ಆಮೇಲೆ ಸ್ವಂತ ಕಟ್ಟಡ ಎಬ್ಬಿಸಿದರು. ಕೆಲಕಾಲ ಸರಕಾರದ ಸಹಾಯಧನವೂ ಅದರ ಫೀಸಿಗೆ ಒದಗಿತು. ಫೀಸು ಕೊಡಲಾಗದೆ ಮನೆಯಲ್ಲಿ ಉಳಿದ ಬಡ ಬಿಳಿಯ ಮಕ್ಕಳೂ ಇದ್ದರು. ಅವರ ಲೆಕ್ಕವನ್ನು ಯಾರೂ ದೊಡ್ಡದಾಗಿ ಆಡಲಿಲ್ಲ. ಊರಿನಲ್ಲಿ ಹೆಣ್ಣುಮಕ್ಕಳನ್ನು ಟೀಚರಾಗಿಸಲೆಂದೇ ಇದ್ದ ಹಳೆಯ ಲಾಂಗ್‌ವುಡ್ ಕಾಲೇಜಿತ್ತು. ಅಲ್ಲಿ ಟೀಚರುಗಳು ತಯಾರಾಗುತ್ತಿದ್ದರು, ಹೊರಗೆ ಶಾಲೆಗಳಿಗೆ ಬೀಗ ಬಿದ್ದಿತ್ತು! ಆ ಕಾಲೇಜಿನ ಚರಿತ್ರೆಯ ಪ್ರೊಫೆಸರ್ ಗಾರ್ಡನ್ ಮಾಸ್ ಮಾತ್ರ ಇದು ಅನ್ಯಾಯ ಎಂದು ಬಾಯಿಬಿಟ್ಟು ಹೇಳಿ ತಮ್ಮವರ ಕಣ್ಣಲ್ಲಿ ಕೆಟ್ಟವರಾದರು.

ಮತ್ತು ಕಪ್ಪು ಮಕ್ಕಳು? ಸುಮಾರು 1,700 ಮಕ್ಕಳು. ಮೊದಲ ವರ್ಷ, ಇನ್ನೇನು ತೆರೆಯುತ್ತದೆ ಎಂದು ಕಾದರು. ಹೈಸ್ಕೂಲಿನ ಕೊನೆಯ ತರಗತಿಗಳಲ್ಲಿದ್ದ ಸುಮಾರು 60 ಮಂದಿಯನ್ನು ಗ್ರಿಫಿನ್ನರು ಮತ್ತಿತರರು ಪಕ್ಕದ ರಾಜ್ಯದ ಕಿಟ್ರೆಲ್ ಕಾಲೇಜಿಗೆ ಸೇರಿಸಿದರು. ಕ್ವೇಕರ್ ಪಂಥದವರು ಕೆಲವು ಡಜನ್ ಮಕ್ಕಳನ್ನು ಬೇರೆ ರಾಜ್ಯಗಳ ಮನೆಗಳಲ್ಲಿ ಇಟ್ಟು ಓದಿಸಿದರು. ಕೆಲವು ಮನೆಯವರು ಕೌಂಟಿಯ ಗಡಿಯಾಚೆ ನೆಂಟರ ವಿಳಾಸ ಕೊಟ್ಟು, ಇಲ್ಲವೇ ಪಾಳು ಮನೆಯೊಂದನ್ನು ಬಾಡಿಗೆಗೆ ಹಿಡಿದು, ಮಕ್ಕಳನ್ನು ಅಲ್ಲಿನ ಶಾಲೆಗೆ ನುಸುಳಿಸಿದರು. ಐದು ಮಕ್ಕಳಿದ್ದ ತಾಯಿ ಯಾರನ್ನು ಕಳಿಸಬೇಕು, ಯಾರನ್ನು ಉಳಿಸಿಕೊಳ್ಳಬೇಕು? ಚೂಟಿಯಾದವನನ್ನೇ, ದೊಡ್ಡವಳನ್ನೇ, ಇನ್ನೂ ಓದೇ ಕಲಿಯದ ಚಿಕ್ಕದನ್ನೇ? ಕಳಿಸಿದರೆ ಹದಿಮೂರರ ಹುಡುಗಿ ಕಂಡರಿಯದವರ ಮನೆಯಲ್ಲಿ ಬೆಳೆಯಬೇಕು. ಉಳಿಸಿಕೊಂಡರೆ ಹೊಲಕ್ಕೆ ಹೋಗುತ್ತಾಳೆ.

ಉಳಿದ ಮಕ್ಕಳಿಗೆ ಊರಿನ ಹೆಂಗಸರು ಚರ್ಚುಗಳ ನೆಲಮಾಳಿಗೆಯಲ್ಲಿ ಅಕ್ಷರ ಕಲಿಸಿದರು. ಇದನ್ನು ಶಾಲೆ ಎಂದು ಕರೆಯಬಾರದೆಂದು ಎಚ್ಚರ ವಹಿಸಿ ‘ತರಬೇತಿ ಕೇಂದ್ರ’ ಎಂದರು. ಶಾಲೆ ಎಂದುಬಿಟ್ಟರೆ, ನೋಡಿ, ಇವರಿಗೂ ಖಾಸಗಿ ಶಾಲೆ ಇದೆಯಲ್ಲ ಎಂದು ಬಿಳಿಯರು ಹೇಳುತ್ತಾರೆ; ಕೋರ್ಟಿನ ವಾದಕ್ಕೆ ಪೆಟ್ಟು ಬೀಳುತ್ತದೆ. ಹಿಂದೆಯೇ, ಖಾಸಗಿ ಶಾಲೆ ಕಟ್ಟಿಕೊಡುತ್ತೇವೆಂದು ಬಿಳಿಯರು ಮುಂದೆ ಬಂದಾಗ ಕಪ್ಪು ಜನರು ಒಪ್ಪಿರಲಿಲ್ಲ. ಒಪ್ಪಿದ್ದರೆ ಗೆದ್ದ ಮೊಕದ್ದಮೆ ಗಾಳಿಗೆ ಹೋಗುತ್ತಿತ್ತು, ಒಪ್ಪದೆ ಮಕ್ಕಳ ವರ್ಷಗಳು ಹೋದವು. ಆರಕ್ಕೆ ಶಾಲೆ ಸೇರಬೇಕಾದ ಮಗು ಹತ್ತಕ್ಕೆ ಸೇರಿತು. ಹನ್ನೆರಡಕ್ಕೆ ನಿಂತವನು ಹದಿನೇಳಕ್ಕೆ ಚಿಕ್ಕ ಮಕ್ಕಳ ನಡುವೆ ಕೂರಲು ನಾಚಿ ಮತ್ತೆ ಹೋಗಲಿಲ್ಲ.

ನನ್ನನ್ನು ಕಾಡುವುದು ಇದೇ ಲೆಕ್ಕ. 1951ರಲ್ಲಿ ಫಲಕ ಹಿಡಿದು ಹೊರಬಂದವರು 1959ರ ಹೊತ್ತಿಗೆ ಓದು ಮುಗಿಸಿ ಹೋಗಿದ್ದರು. ಐದು ವರ್ಷಗಳ ದಂಡ ತೆತ್ತವರು ಅವತ್ತು ತೊಟ್ಟಿಲಲ್ಲಿದ್ದವರು, ಹುಟ್ಟಿಯೂ ಇಲ್ಲದವರು. ಹಾಗೆಂದು ಆ ದಂಡವನ್ನು ಬಾರ್ಬರಾಳ ತಲೆಗೆ ಕಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ. ಬೀಗ ಹಾಕಿದ್ದು ಅವಳಲ್ಲ. ಆದರೆ ತೀರ್ಪು ಬಂತು, ನ್ಯಾಯ ಸಿಕ್ಕಿತು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವವರ ಮೇಲೆ ಮಾತ್ರ ನನಗೆ ಸಿಟ್ಟು ಬರುತ್ತದೆ. ತೀರ್ಪಿನ ದಿನಕ್ಕೂ ಆ ಮಕ್ಕಳು ಬೆಂಚಿನ ಮೇಲೆ ಕೂತ ದಿನಕ್ಕೂ ನಡುವೆ ಹತ್ತು ವರ್ಷಗಳಿವೆ.

1963ರಲ್ಲಿ ಕೆನಡಿ ಸರಕಾರದ ಒತ್ತಾಸೆಯಿಂದ ದಾನದ ಹಣದಲ್ಲಿ ‘ಫ್ರೀ ಸ್ಕೂಲ್’ ಎಂಬ ಉಚಿತ ಶಾಲೆಗಳು ತೆರೆದವು. ಅದಕ್ಕೆ ಸೇರಿದ ಬೆರಳೆಣಿಕೆಯ ಬಿಳಿಯ ಮಕ್ಕಳಲ್ಲಿ ಪ್ರೊಫೆಸರ್ ಮಾಸ್ ಅವರ ಮಗನೂ ಒಬ್ಬ. ಧರ್ಮಗುರು ಗ್ರಿಫಿನ್ನರು ತಮ್ಮ ಮಕ್ಕಳ ಹೆಸರಿನಲ್ಲಿ ಹೂಡಿದ್ದ ದಾವೆಯಲ್ಲಿ 1964ರ ಮೇ 25ರಂದು ಸುಪ್ರೀಂ ಕೋರ್ಟು ಶಾಲೆ ತೆರೆಯಲೇಬೇಕೆಂದಿತು. ಸೆಪ್ಟೆಂಬರಿನಲ್ಲಿ ಬೀಗ ತೆಗೆದರು. ಬಂದು ಕೂತ ಸುಮಾರು 1,500 ಮಕ್ಕಳಲ್ಲಿ ಬಿಳಿಯರು ಹತ್ತು ಮಂದಿಯೂ ಇರಲಿಲ್ಲ.

ಬಾರ್ಬರಾ ಏನಾದಳು? ಮದುವೆಯಾಗಿ ಬಾರ್ಬರಾ ಪೊವೆಲ್ ಆದಳು. ಗಂಡ ಧರ್ಮಗುರು. ಐದು ಮಕ್ಕಳು. ಫಿಲಡೆಲ್ಫಿಯಾದಲ್ಲಿ ಗ್ರಂಥಪಾಲಕಿಯಾಗಿ ದುಡಿದಳು. ನಡುವೆ ನಿಂತುಹೋಗಿದ್ದ ಡಿಗ್ರಿಯನ್ನು 1979ರಲ್ಲಿ, 44ನೆಯ ವಯಸ್ಸಿನಲ್ಲಿ, ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಮುಗಿಸಿದಳು. 1991ರಲ್ಲಿ ತೀರಿಕೊಂಡಳು. ಆಗ ಅವಳ ಹೆಸರು ಹೇಳುವವರು ಹೆಚ್ಚಿರಲಿಲ್ಲ. ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಪ್ರತಿ ರಾಜ್ಯದ ಇಬ್ಬರು ಗಣ್ಯರ ಪ್ರತಿಮೆಗಳಿರುತ್ತವೆ. ವರ್ಜೀನಿಯಾದ ಪರವಾಗಿ 1909ರಿಂದ ಅಲ್ಲಿ ನಿಂತಿದ್ದವನು, ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಹೂಡಿದ ದಕ್ಷಿಣದ ರಾಜ್ಯಗಳ ಸೇನಾಪತಿ ರಾಬರ್ಟ್ ಲೀ. ಅವನನ್ನು 2020ರ ಡಿಸೆಂಬರಿನಲ್ಲಿ ಇಳಿಸಿದರು. ಅವನ ಬದಲು 2025ರ ಡಿಸೆಂಬರಿನಲ್ಲಿ ಬಂದದ್ದು ಬಾರ್ಬರಾಳ ಪ್ರತಿಮೆ. ಪುಸ್ತಕವನ್ನು ಮೇಲೆತ್ತಿ ಹಿಡಿದ ಶಾಲಾ ಹುಡುಗಿ.

ಹಳೆಯ ಇಟ್ಟಿಗೆ ಕಟ್ಟಡದ ಸಂಗತಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1995ರಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಯೂ ಮುಚ್ಚಿತು. ಮುಖ್ಯರಸ್ತೆಯ ಜಾಗ, ಬೆಲೆ ಬಾಳುವಂಥದು. ಕಟ್ಟಡ ಹೋಗದಂತೆ ತಡೆಯಲು ಮುಂದೆ ಬಂದವರು ಯಾರೆಂದುಕೊಂಡಿರಿ? 1920ರಲ್ಲಿ ಶಾಲೆ ಕೊಡಿ ಎಂದು ಅರ್ಜಿ ಹಿಡಿದು ಹೊರಟಿತ್ತಲ್ಲ, ಅದೇ ಮಹಿಳಾ ಸಂಘ. ಅಷ್ಟರಲ್ಲಿ ಅದಕ್ಕೆ ಮಾರ್ಥಾ ಫಾರೆಸ್ಟರ್ ಅವರ ಹೆಸರನ್ನೇ ಇಟ್ಟಿದ್ದರು. ಹೆಚ್ಚಿನ ಸದಸ್ಯೆಯರು ವಯಸ್ಸಾದವರು. ಅವರೇ ಮತ್ತೆ ಹಣ ಕೂಡಿಸಿದರು, ಮತ್ತೆ ಮಂಡಳಿಯ ಮುಂದೆ ಹೋಗಿ ಕೂತರು. 1998ರಲ್ಲಿ ಅದು ರಾಷ್ಟ್ರೀಯ ಸ್ಮಾರಕವೆಂದು ಘೋಷಣೆಯಾಯಿತು. ಮುಷ್ಕರಕ್ಕೆ ಸರಿಯಾಗಿ 50 ವರ್ಷ ತುಂಬಿದ 2001ರ ಏಪ್ರಿಲ್ 23ರಂದು ಅಲ್ಲಿ ಮ್ಯೂಸಿಯಂ ತೆರೆಯಿತು. ಬಾರ್ಬರಾ ಬೂಟು ಕುಟ್ಟಿದ ಸಭಾಂಗಣ ಹಾಗೆಯೇ ಇದೆ.

ಬೀಗದ ವರ್ಷಗಳಲ್ಲಿ ಓದು ಕಳೆದುಕೊಂಡವರಿಗೆ 2003ರಲ್ಲಿ ಗೌರವಾರ್ಥವಾಗಿ ಹೈಸ್ಕೂಲು ಡಿಪ್ಲೊಮಾ ಕೊಟ್ಟರು. ಅದರ ಮರುವರ್ಷ ವರ್ಜೀನಿಯಾದ ಶಾಸನಸಭೆ ಅವರಿಗಾಗಿಯೇ ಒಂದು ವಿದ್ಯಾರ್ಥಿವೇತನ ಗೊತ್ತುಮಾಡಿತು. ನಿಂತ ಓದನ್ನು ಮುಂದುವರಿಸುವವರಿಗೆ ಫೀಸು, ಪುಸ್ತಕದ ಖರ್ಚು ಸರಕಾರದ್ದು. ಅರ್ಜಿ ಹಾಕಿದವರು ಐವತ್ತು ದಾಟಿದವರು, ಅರವತ್ತಾದವರು. ಕೆಲವರು ಕಾಲೇಜಿಗೆ ಸೇರಿದರು. ಇನ್ನು ಕೆಲವರು ಹೈಸ್ಕೂಲಿನ ಪರೀಕ್ಷೆಗೇ ಮೊದಲು ಕಟ್ಟಬೇಕಾಗಿತ್ತು; ಎಲ್ಲಿಗೆ ನಿಂತಿತ್ತೋ ಅಲ್ಲಿಂದ, ಲೆಕ್ಕದ ಪುಸ್ತಕ ತೆಗೆದುಕೊಂಡು ಕೂತರು.